ನಮ್ಮ ಆಫೀಸಿನಲ್ಲಾದ ಪ್ರೇಮದ ಶೂಟಿಂಗ್

ಜನರನ್ನು ನಗಿಸಲೆಂದೇ ತೆಗೆದ ಪ್ರೇಮದ ಕಿರುಚಿತ್ರ ನೋಡಿ ವಾರಗಟ್ಟಲೆ ಊಟ ಸೇರದಂತಾಗುವವರು ಹೆಚ್ಚು ಮಂದಿ ಇರಲಾರರು. ಅಂಥವಳು ನಾನೊಬ್ಬಳು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಚಿತ್ರವೇನೋ ಚೆನ್ನಾಗಿಯೇ ಇದೆ. ಒಂದೇ ಆಫೀಸಿನ ಇಬ್ಬರು ಹುಡುಗಿಯರು ಪ್ರಿಂಟರಿಗಾಗಿ ಜಗಳಾಡುತ್ತಾರೆ, ಜಗಳಾಡುತ್ತಲೇ ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ, ಹನ್ನೆರಡು ನಿಮಿಷದಲ್ಲಿ ಎಲ್ಲ ಸುಸೂತ್ರ. ತೊಂದರೆಯೆಂದರೆ, ಆ ಆಫೀಸು ನಮ್ಮದು.

ನಾನು ನಿಪ್ಪಾಣಿಯ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿದ್ದೇನೆ. ಲಾರಿಗೆ ಹೇರುವ ಬೆಲ್ಲಕ್ಕೂ ತಂಬಾಕಿಗೂ ಬಿಲ್ಟಿ, ಅಂದರೆ ಸಾಗಣೆ ಚೀಟಿ, ಬರೆಯುವುದು ನನ್ನ ಕೆಲಸ. ಎದುರಿನ ಟೇಬಲ್ಲಿನಲ್ಲಿ ಹನ್ನೊಂದು ವರ್ಷ ಶೋಭಾ ಕೂತಿದ್ದಳು. ಗಂಡನನ್ನು ಬಿಟ್ಟು ಅಕ್ಕೋಳದ ಅಣ್ಣನ ಮನೆ ಸೇರಿ, ದಿನಾ ಬಸ್ಸಿನಲ್ಲಿ ಬರುತ್ತಿದ್ದವಳು. ನನಗೆ ಮದುವೆಯಾಗಿಲ್ಲ. ಯಾಕೆಂದು ಕೇಳಿದವರಿಗೆಲ್ಲ ಜಾತಕ ಕೂಡಲಿಲ್ಲ ಎನ್ನುತ್ತೇನೆ. ಪಾಪದ ಜಾತಕದ ಮೇಲೆ ಇಷ್ಟೊಂದು ಸುಳ್ಳು ಹೊರಿಸಿದವಳು ಇನ್ನೊಬ್ಬಳಿರಲಿಕ್ಕಿಲ್ಲ. ಶೋಭಾ ನನಗಿಂತ ಮೂರು ವರ್ಷ ಸಣ್ಣವಳು, ನನ್ನನ್ನು 'ಅಕ್ಕಾ' ಎನ್ನುತ್ತಿದ್ದಳು. ನನ್ನ ಮನಸ್ಸಿನಲ್ಲಿದ್ದುದನ್ನು ಹೇಳದಿರಲು ಅದೊಂದು ಶಬ್ದ ಸಾಕಾಗಿತ್ತು.

ಚಿತ್ರದ ಡೈರೆಕ್ಟರಾದ ಮಾಲಕರ ತಂಗಿಯ ಮಗಳು ಬೆಳಗಾವಿಯಿಂದ ನಟಿಯರನ್ನೂ ಕ್ಯಾಮೆರಾವನ್ನೂ ತಂದದ್ದು ಒಂದು ಭಾನುವಾರ. ಕೀಲಿ ನನ್ನ ಹತ್ತಿರವಿದ್ದುದರಿಂದ ನಾನು ಹೋಗಬೇಕಾಯಿತು. ನಾನು ಕರೆದೆನೆಂದು ಶೋಭಾ ಬಂದಳು. ಮಧ್ಯಾಹ್ನ ಡಬ್ಬಿ ಬಿಚ್ಚಿದೆವು. ಶೋಭಾಳಿಗೆ ಪಿತ್ತ. ಎಂದಿನಂತೆ ನಾನು ಮಾತಾಡುತ್ತಲೇ ಅವಳ ಪಲ್ಯದೊಳಗಿನ ಹಸಿಮೆಣಸಿನಕಾಯಿ ಹೆಕ್ಕಿ ನನ್ನ ಮುಚ್ಚಳದಲ್ಲಿ ಹಾಕಿಕೊಳ್ಳುತ್ತಿದ್ದೆ. ಡೈರೆಕ್ಟರ್ ಹುಡುಗಿ ನನ್ನತ್ತ ನೋಡಿ ಚೀರಿದಳು:

"ಮಾವಶಿ, ಇನ್ನೊಮ್ಮೆ ಮಾಡ್ರಿ! ಎಲ್ಲಾರೂ ನೋಡ್ರಿ ಇಲ್ಲೆ. ಪ್ರೀತಿ ಅಂದ್ರ ಹಿಂಗ ಇರ್ತೈತಿ!"

ಆಮೇಲೆ ನಾಯಕಿ ಅದನ್ನೇ ಮಾಡಿದಳು. ನಾಲ್ಕು ಟೇಕ್ ಬೇಕಾಯಿತು. ಏನೂ ಅಲ್ಲವೆಂಬಂತೆ ನಾನು ಹನ್ನೊಂದು ವರ್ಷ ಜೋಪಾನ ಮಾಡಿಕೊಂಡು ಬಂದದ್ದನ್ನು ಅವಳು ದೊಡ್ಡ ಲೈಟಿನ ಕೆಳಗೆ ಎಲ್ಲರಿಗೂ ಕಾಣುವಂತೆ ಮಾಡಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಶೋಭಾ ತನ್ನ ಡಬ್ಬಿ ಮುಚ್ಚಿದಳು.

ಸೋಮವಾರ ಬಂದವಳೇ ಕೇಳಿದಳು: "ಅಕ್ಕಾ, ನಿನ್ನೆ ಆ ಹುಡಿಗಿ ಅಂದದ್ದು ಖರೇ ಏನ್ರಿ?"

ನನ್ನ ಕೈಯಲ್ಲಿದ್ದ ಬಿಲ್ಟಿಯ ಮೇಲೆ ಊರಿನ ಹೆಸರು ತಪ್ಪಿತು. "ಏ ಹುಚ್ಚಿ, ನಿನಗ ಪಿತ್ತ ಐತಿ ಅಂತ ಮೆಣಸಿನಕಾಯಿ ತಗೀತೇನಿ. ಸಿನಿಮಾದವ್ರಿಗೇನು, ಮಾಡಾಕ ಬ್ಯಾರೆ ಕೆಲಸ ಇಲ್ಲ."

"ಹೌದ್ರಿ. ನಾನೂ ಹಂಗ ಅನ್ಕೊಂಡೆ," ಎಂದಳು. ಅದು ಸಮಾಧಾನದ ಮಾತೋ ನಿರಾಶೆಯದೋ, ಇಂದಿಗೂ ಬಗೆಹರಿದಿಲ್ಲ. ಅದೇ ತಿಂಗಳು ಅವಳು ಅಥಣಿಯ ಬ್ರಾಂಚಿಗೆ ವರ್ಗ ಕೇಳಿಕೊಂಡು ಹೋದಳು. ಅಲ್ಲಿ ಅವಳ ಚಿಗವ್ವನ, ಅಂದರೆ ಚಿಕ್ಕಮ್ಮನ, ಮನೆಯಿದೆಯಂತೆ. ಹನ್ನೊಂದು ವರ್ಷ ಆ ಚಿಗವ್ವನ ಸುದ್ದಿಯೇ ಇರಲಿಲ್ಲ.

ಹೋದ ತಿಂಗಳು ಚಿತ್ರ ಯೂಟ್ಯೂಬಿಗೆ ಬಂತು. ಕೊನೆಗೆ ಒಬ್ಬಳು ಹೊರಟ ಬಸ್ಸಿನ ಬೆನ್ನಟ್ಟಿ, ನಿಲ್ಲಿಸಿ, ಎಲ್ಲರೆದುರು ಮನಸ್ಸು ಬಿಚ್ಚುತ್ತಾಳೆ. ಕಂಡಕ್ಟರ್ ಸೀಟಿ ಊದುತ್ತಾನೆ. ನನಗೆ ಓಡುವ ಕಷ್ಟವೂ ಇರಲಿಲ್ಲ. ಅಂದು ಸಂಜೆ ಶೋಭಾಳೇ ಫೋನ್ ಮಾಡಿದಳು.

"ಅಕ್ಕಾ, ನಾ ಪೂರ್ತಿ ನೋಡ್ಲಿಲ್ಲ. ಕಡೀಕ ಏನಾಕ್ಕೈತ್ರಿ?"

"ಇಬ್ರೂ ಕೂಡ್ತಾರ."

"ಹೌದ್ರೇನು..." ಎಂದಳು. ಫೋನ್ ಇಡಲಿಲ್ಲ. ನಾನು ಏನಾದರೂ ಅನ್ನಲಿ ಎಂದು ಕಾಯುತ್ತಿದ್ದಳು. ಅಷ್ಟು ನನಗೂ ತಿಳಿಯಿತು. ನಾನು ಕೇಳಿದೆ: "ಚಿಗವ್ವನ ಮನ್ಯಾಗ ನಳಕ್ಕ ನೀರು ದಿನಾ ಬರ್ತಾವೇನ?"

"ಎರಡು ದಿನಕ್ಕೊಮ್ಮೆ ಬರ್ತಾವ್ರಿ."

ಮುಂದಿನ ಕಾಲು ಗಂಟೆ ನಾವಿಬ್ಬರೂ ನೀರಿನ ಬಗ್ಗೆಯೇ ಮಾತಾಡಿದೆವು. ಆ ವಿಷಯದಲ್ಲಿ ಹೇಳಲು ನನ್ನ ಹತ್ತಿರ ಅಷ್ಟೊಂದು ಇದೆಯೆಂದು ನನಗೇ ಗೊತ್ತಿರಲಿಲ್ಲ.