ಅಳಿಯನ ಕಪ್ಪು ಕಾರೂ ಮಾವನ ನೀರಿನ ಮಾಪೂ

ಅಳಿಯನ ಕೈಲಿ ಬೈಸಿಕೊಂಡ ಮಾವಂದಿರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರ ಪಾಡು ಎಷ್ಟೋ ವಾಸಿ, ಬೈದ ಅಳಿಯ ಒಂದಲ್ಲ ಒಂದು ದಿನ ಸಮಾಧಾನವಾಗಿಯೂ ಮಾತಾಡುತ್ತಾನೆ. ಕೂಟಗಲ್ಲಿನ ರಾಮಲಿಂಗಯ್ಯನವರ ಸಂಕಟ ಅಂಥದ್ದಲ್ಲ. ಅವರ ಅಳಿಯ ದೇವರಾಜು ಬೈಯುವವನಲ್ಲ, ಹೊಗಳುವವನೂ ಅಲ್ಲ. ಅವನ ಹತ್ತಿರ ಇದ್ದದ್ದು ಒಂದೇ ಮಾತು. "ಪರವಾಗಿಲ್ಲ ಮಾವ."

ಮದುವೆಗೆ ಮೂರು ಥರ ಸಿಹಿ ಮಾಡಿಸಿದರು. ಪರವಾಗಿಲ್ಲ. ರೇಷ್ಮೆ ಪಂಚೆ ಉಡಿಸಿದರು. ಪರವಾಗಿಲ್ಲ. ಮನೆಯಲ್ಲೇ ಸಾಕಿದ ಹುಂಜವನ್ನು ಕೊಯ್ದು, ಅತ್ತೆ ವೆಂಕಟಲಕ್ಷ್ಮಮ್ಮನವರು ಬೆವರು ಸುರಿಸಿ ಖಾರ ಅರೆದು ಸಾರು ಮಾಡಿದರೆ, ಆ ಮಹಾರಾಯ ಮೂಳೆಯನ್ನು ಚೆನ್ನಾಗಿ ಚೀಪಿ, ಬೆರಳನ್ನೂ ಚೀಪಿ, "ಪರವಾಗಿಲ್ಲ" ಎಂದ!

ಪಾಪ, ಅವನದೂ ತಪ್ಪಿಲ್ಲ. ಅವನ ಕೆಲಸವೇ ಹಾಗಿತ್ತು. ಬಿಡದಿ ಕಡೆ ಹೊಸದಾಗಿ ಎದ್ದಿದ್ದ ಕಾರ್ಖಾನೆಗಳ ಪೈಕಿ ಒಂದರಲ್ಲಿ, ಬಣ್ಣ ಬಳಿದ ಲೋಹದ ಹಲಗೆಗಳನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಎಲ್ಲಾದರೂ ಚುಕ್ಕೆ ಇದೆಯೇ ಎಂದು ಹುಡುಕುವುದು ಅವನ ಉದ್ಯೋಗ. ಚುಕ್ಕೆ ಸಿಕ್ಕರೆ ವಾಪಸ್ಸು. ಸಿಗದಿದ್ದರೆ ಪರವಾಗಿಲ್ಲ. (ಹೆಣ್ಣು ಕೊಡುವಾಗ "ಹುಡುಗ ಫ್ಯಾಕ್ಟ್ರೀಲವ್ನೆ" ಎಂದಷ್ಟೇ ಹೇಳಿದ್ದರು. ಅಲ್ಲಿ ಏನು ಮಾಡುತ್ತಾನೆ ಎಂದು ಯಾರೂ ಕೇಳಲಿಲ್ಲ. ಕೇಳಬೇಕಾಗಿತ್ತು.)

ಅಳಿಯನ ಬಾಯಿಂದ ಒಂದೇ ಒಂದು ಸಲ "ಚೆನ್ನಾಗೈತೆ ಮಾವ" ಅನ್ನಿಸಿಕೊಳ್ಳದೆ ತನಗೆ ನೆಮ್ಮದಿಯಿಲ್ಲ ಎಂಬುದು ರಾಮಲಿಂಗಯ್ಯನವರ ಏಕಮಾತ್ರ ಜೀವಿತೋದ್ದೇಶವಾಯಿತು. ಅಷ್ಟರಲ್ಲಿ ದೇವರಾಜು ಹೊಸ ಕಾರು ತೆಗೆದುಕೊಂಡ. ಕಪ್ಪು ಕಾರು, ಮುಖ ನೋಡಿ ಕ್ರಾಪು ಬಾಚಿಕೊಳ್ಳಬಹುದು, ಅಷ್ಟು ಹೊಳಪು. ಭಾನುವಾರ ದೊಡ್ಡಮಳೂರಿನ ಅಪ್ರಮೇಯ ಸ್ವಾಮಿ ದೇವಸ್ಥಾನದಲ್ಲಿ ಅದಕ್ಕೆ ಪೂಜೆ ಮಾಡಿಸುವುದೆಂದೂ, ಶನಿವಾರವೇ ಹೆಂಡತಿ ಶ್ವೇತಳ ಜೊತೆ ಕೂಟಗಲ್ಲಿಗೆ ಬಂದು ಉಳಿಯುವುದೆಂದೂ ಫೋನು ಬಂತು. ಟಿಪ್ಪರ್ ಲಾರಿಗಳು ಓಡಾಡುವ ಆ ರಸ್ತೆಯಲ್ಲಿ ಬಂದ ಕಾರು ಯಾವ ಸ್ಥಿತಿಯಲ್ಲಿರುತ್ತದೆ ಎಂದು ರಾಮಲಿಂಗಯ್ಯನವರಿಗೆ ಗೊತ್ತಿತ್ತು. ಅಳಿಯ ಏಳುವುದರೊಳಗೆ ಕಾರನ್ನು ಲಕಲಕ ಅನ್ನಿಸಿಬಿಟ್ಟರೆ?

ಯೋಚನೆ ಬಂದ ಮುಹೂರ್ತ ಎಂಥದೋ, ತಾವು ಬೆಳೆದ ರೇಷ್ಮೆ ಗೂಡು ಮಾರಲು ರಾಮನಗರದ ಮಾರುಕಟ್ಟೆಗೆ ಹೋದವರು ಮುಕ್ತಿಯಾರ್ ಸಾಹೇಬರ ಅಂಗಡಿ ಮುಂದೆ ನಿಂತರು. ಸಾಹೇಬರದು ಮೊದಲು ರೇಷ್ಮೆ ನೂಲು ತೆಗೆಯುವ ಕೆಲಸ. ಊರಲ್ಲಿ ಕಾರು ಹೆಚ್ಚಾದ ಮೇಲೆ ಸೀಟ್ ಕವರು, ಸ್ಟಿಕ್ಕರು, ಕನ್ನಡಿಗೆ ತೂಗು ಹಾಕುವ ಗೊಂಬೆ, ಇವುಗಳ ವ್ಯಾಪಾರ. ಅಂಗಡಿಯ ಬಾಗಿಲಲ್ಲಿ ತುದಿಗೆ ನೂಲಿನ ಕುಚ್ಚು ಕಟ್ಟಿದ ಒಂದು ಉದ್ದನೆಯ ಕೋಲು ನಿಂತಿತ್ತು.

"ನೋಡಿ ಯಜಮಾನ್ರೆ, ನೀರಿನ ಮಾಪು! ಬಕೆಟ್ಟು ಬ್ಯಾಡ, ಬಗ್ಗೋದು ಬ್ಯಾಡ. ಹಿಡಿ ಒಳಗೆಲ್ಲಾ ಟೊಳ್ಳು. ಈ ಕಡೆಗೆ ಪೈಪ್ ಸಿಗಿಸಿ, ಆ ಕಡೆ ಕುಚ್ಚಿನಾಗೆ ನೀರು ತಾನೇ ಬತ್ತದೆ. ಮಧ್ಯದಾಗೆ ಈ ಡಬ್ಬಿ ಐತಲ್ಲ, ಇದಕ್ಕೆ ಶಾಂಪು. ನೀವು ಸುಮ್ನೆ ಸವರ್ಕೊಂಡು ಹೋಗಿ. ಯಾವ ಕಾರು ನಿಮ್ದು?"

"ನಮ್ದಲ್ಲ ಸಾಬ್ರೆ, ನಮ್ಮ ಅಳಿಯಂದು."

"ಅಳಿಯಂದಾ? ಹಂಗಾದ್ರೆ ಶಾಂಪು ಎರಡು ಬಾಟ್ಲಿ ತಗೊಳ್ಳಿ."

ಮನೆಗೆ ಬಂದಾಗ ವೆಂಕಟಲಕ್ಷ್ಮಮ್ಮ ಬಾಗಿಲಲ್ಲೇ ನಿಂತಿದ್ದರು.

"ಇದೇನ್ರೀ ಇದು, ಕೋಲಿಗೆ ನಾಯಿಮರಿ ಕಟ್ಟಿದಂಗೈತೆ?"

"ಕಾರು ತೊಳ್ಯೋದು ಕಣಮ್ಮಿ. ಇದಕ್ಕೆ ಬಗ್ಗೋದೇ ಬ್ಯಾಡ."

"ನಮ್ಮತ್ರ ಕಾರೆಲ್ಲೈತೆ?"

"ಅಳಿಯಂದಿರು ಬತ್ತಾರಲ್ಲ!"

"ಆಯ್ತು. ಸುಣ್ಣ ತಂದ್ರಾ?"

ರಾಮಲಿಂಗಯ್ಯನವರು ಆಕಾಶ ನೋಡಿದರು. ಬುಧವಾರ ಹೊಸ ರೇಷ್ಮೆ ಹುಳು ಬರುವುದಿತ್ತು. ಅಷ್ಟರಲ್ಲಿ ಹುಳು ಸಾಕುವ ಮನೆಯ ಗೋಡೆಗೆಲ್ಲ ಸುಣ್ಣ ಹೊಡೆಯಬೇಕು, ಇಲ್ಲದಿದ್ದರೆ ಹಳೇ ರೋಗ ಹೊಸ ಹುಳುವಿಗೂ ಹತ್ತುತ್ತದೆ. ಹದಿನೈದು ದಿನದಿಂದ ವೆಂಕಟಲಕ್ಷ್ಮಮ್ಮ ಹೇಳುತ್ತಲೇ ಇದ್ದರು. ಹದಿನೈದು ದಿನದಿಂದ ರಾಮಲಿಂಗಯ್ಯ "ನಾಳೆ" ಎನ್ನುತ್ತಲೇ ಇದ್ದರು. "ಬಗ್ಗಿ ಎದ್ದು ಸುಣ್ಣ ಹೊಡ್ಯೋಕೆ ನನ್ನ ಸೊಂಟ ಬೇಡ್ವಾ?" ಎಂಬುದು ಅವರ ಕಾಯಂ ವಾದ. ಶನಿವಾರದ ಹೊತ್ತಿಗೆ ಆಕೆ ಕೇಳುವುದನ್ನು ನಿಲ್ಲಿಸಿಬಿಟ್ಟರು. ಮರೆತಿದ್ದಾಳೆ ಎಂದುಕೊಂಡು ರಾಮಲಿಂಗಯ್ಯ ಹಾಯಾಗಿದ್ದರು. (ಇಪ್ಪತ್ತೈದು ವರ್ಷ ಸಂಸಾರ ಮಾಡಿದ ಗಂಡಸು ಹೀಗೆ ಅಂದುಕೊಳ್ಳಬಹುದೇ ಎಂದು ನೀವು ಕೇಳಬಹುದು. ಅಂದುಕೊಂಡರು, ಏನು ಮಾಡೋಣ?)

ಭಾನುವಾರ ಬೆಳಿಗ್ಗೆ ಏಳು ಗಂಟೆ. ವಾರವೆಲ್ಲ ಪಾಳಿ ದುಡಿದ ಅಳಿಯ ಗೊರಕೆ ಹೊಡೆಯುತ್ತಿದ್ದ. ಅಂಗಳದಲ್ಲಿ ಕಾರು, ಅದರ ಮೇಲೆ ಬೆರಳಿನಲ್ಲಿ ಹೆಸರು ಬರೆಯುವಷ್ಟು ಧೂಳು. ರಾಮಲಿಂಗಯ್ಯ ಮಾಪು ಹಿಡಿದು ಮೋಟರ್ ಸ್ವಿಚ್ಚು ಒತ್ತಿದರು. ಕರೆಂಟಿಲ್ಲ. ಪೈಪು ಹಿಡಿದು ಸುತ್ತಲೂ ನೋಡಿದರು. ಹುಳುವಿನ ಮನೆಯ ಸಜ್ಜದ ಮೇಲೆ, ಹುಳು ಸಾಕುವ ತಟ್ಟೆ ತೊಳೆಯುವ ನೀರಿಗೆಂದು ಇಟ್ಟಿದ್ದ ನೀಲಿ ಡ್ರಮ್ಮು ಕಂಡಿತು. ಕೆಳಗೆ ನಲ್ಲಿ ಬೇರೆ ಇದೆ. ಮುಚ್ಚಳದ ಮೇಲೆ ಬಡಿದು ನೋಡಿದರು, ತುಂಬಿತ್ತು. "ದೇವ್ರು ದೊಡ್ಡೋನು" ಎಂದುಕೊಂಡು ಪೈಪು ಸಿಗಿಸಿದರು.

ಆಹಾ, ಆ ಸುಖ! ನಲ್ಲಿ ತಿರುಗಿಸಿದರೆ ಕುಚ್ಚಿನಿಂದ ಬಿಳೀ ನೊರೆ ಬುಸಬುಸ ಬರುತ್ತಿತ್ತು. ಅವರು ಬಾನೆಟ್ಟು, ತಲೆ, ಬೆನ್ನು, ಪಕ್ಕೆ ಎಲ್ಲ ಸವರಿದರು. ಬಗ್ಗಲೇ ಇಲ್ಲ. ಧೂಳು ಹೋಗಿ, ಒದ್ದೆ ಕಾರು ಸೀಬೆಮರದ ಕೆಳಗೆ ಮಿರಮಿರ ಮಿಂಚಿತು. ರಾಮಲಿಂಗಯ್ಯನವರು ಒಳಗೆ ಹೋಗಿ, ಶ್ವೇತ ಕೊಟ್ಟ ಕಾಫಿ ಕುಡಿದು, "ನಿನ್ ಗಂಡ ಏನಂತಾನೋ ನೋಡ್ತಿರವ್ವ ಇವತ್ತು" ಎಂದು ಮೀಸೆ ನೀವಿಕೊಂಡು ಹೊರಗೆ ಬಂದರು.

ಕಾರು ಬೂದು ಬಣ್ಣಕ್ಕೆ ತಿರುಗಿತ್ತು.

ಕಣ್ಣುಜ್ಜಿಕೊಂಡರು. ಹತ್ತಿರ ಹೋದರು. ಬೂದಿ ಬಳಿದ ಸನ್ಯಾಸಿಯ ಹಾಗೆ ನಿಂತಿದೆ ಕಾರು! ಅಷ್ಟರಲ್ಲಿ ಪಕ್ಕದ ಮನೆಯ ತಿಮ್ಮಯ್ಯ ಬಂದ. ಬೇರೆಯವರ ಮನೆಯಲ್ಲಿ ಏನಾದರೂ ಕೆಟ್ಟರೆ ತಿಮ್ಮಯ್ಯನಿಗೆ ಹೇಗೋ ವಾಸನೆ ಹೊಡೆಯುತ್ತಿತ್ತು.

"ಏನ್ಲಾ ಇದು ರಾಮಲಿಂಗ, ರಾತ್ರಿ ಕರೀ ಕಾರಲ್ವೇನ್ಲಾ ಬಂದಿದ್ದು?"

"ಈಗ ತೊಳ್ದೆ ಕಣ್ಲಾ. ಒಣಗ್ತಿದ್ದಂಗೆ ಹಿಂಗಾಗ್ಬುಡ್ತು."

ತಿಮ್ಮಯ್ಯ ಆಳವಾಗಿ ಯೋಚಿಸಿದ. "ಜಲ್ಲಿ ಕ್ರಷರ್ ಧೂಳು ಕಣ್ಲಾ. ಗಾಳಿ ಹಿಂಗೇ ಬೀಸ್ತಾ ಐತೆ ನೋಡು. ಒದ್ದೆ ಕಾರಿಗೆ ಕಚ್ಕಂಬುಟ್ಟೈತೆ. ಇನ್ನೊಂದ್ಸತಿ ತೊಳಿ."

ಮಾತು ಸರಿ ಕಂಡಿತು. ಎರಡನೇ ಸಲ ತೊಳೆದರು. ಕಾರು ಮತ್ತೆ ಕಪ್ಪಾಗಿ ಮಿಂಚಿತು. ಈ ಸಲ ಒಳಗೆ ಹೋಗದೆ ಜಗಲಿಯ ಮೇಲೆ ಕುಳಿತು ಕಾದರು. ಬಿಸಿಲು ಬಿತ್ತು. ಬಾನೆಟ್ಟಿನ ಮೂಲೆಯಿಂದ ಬಿಳುಪು ಹೊರಟು, ನೋಡನೋಡುತ್ತಿದ್ದಂತೆ ಗಾಜಿನವರೆಗೂ ಹಬ್ಬಿತು. ಗಾಳಿ ಆಗ ನಿಂತೇ ಹೋಗಿತ್ತು. ಕ್ರಷರ್ ವಾದ ಅಲ್ಲಿಗೆ ಬಿತ್ತು.

ರಾಮಲಿಂಗಯ್ಯನವರ ಅಂಗೈ ಬೇರೆ ಒಣಗಿ ಚುರುಚುರು ಅನ್ನುತ್ತಿತ್ತು. ಬಣ್ಣವೇ ಕಿತ್ತು ಬರುತ್ತಿದೆಯೇ? ಅಳಿಯನಿಗೆ ಯಾರಾದರೂ ಡೂಪ್ಲಿಕೇಟ್ ಕಾರು ಕೊಟ್ಟರೇ? ಅಥವಾ ಮಾಪು ಬಣ್ಣ ಕುಡಿಯುತ್ತಿದೆಯೇ? ಮೊಬೈಲು ತೆಗೆದು ಮುಕ್ತಿಯಾರ್ ಸಾಹೇಬರಿಗೆ ಹಚ್ಚಿದರು.

"ಸಾಬ್ರೆ, ನಿಮ್ಮ ಮಾಪು ಕಾರಿನ ಬಣ್ಣ ನೆಕ್ತಾ ಐತೆ!"

"ಅರೆ, ಅದಕ್ಕೇನು ನಾಲಿಗೆ ಐತಾ ಯಜಮಾನ್ರೆ? ಶಾಂಪು ಉಳ್ಕೊಂಡೈತೆ ಅಷ್ಟೇ. ಶಾಂಪು ನಿಲ್ಸಿ, ಬರೀ ನೀರು ಜಾಸ್ತಿ ಬಿಡಿ. ಚೆನ್ನಾಗಿ, ಧಾರಾಳವಾಗಿ ಬಿಡಿ."

ಧಾರಾಳವಾಗಿ ಬಿಟ್ಟರು. ನಲ್ಲಿಯನ್ನು ಪೂರ್ತಿ ತಿರುಗಿಸಿ, ಒಂದಿಂಚೂ ಬಿಡದೆ ಮೂರನೇ ಸಲ ಸವರಿದರು. ಇದು ಒಣಗಿದ ಮೇಲೆ ಕಾರಿನ ಬಣ್ಣ ಏನಾಗಿತ್ತು ಎಂದು ಹೇಳುವುದಕ್ಕೇ ನನಗೆ ಸಂಕಟವಾಗುತ್ತದೆ. ಆಗ ತಾನೇ ಕರೆದ ಹಾಲಿನ ಬಣ್ಣ.

ಸರಿಯಾಗಿ ಆ ಗಳಿಗೆಯಲ್ಲಿ ದೇವರಾಜು ಟವಲು ಹೆಗಲಿಗೆ ಹಾಕಿಕೊಂಡು ಆಕಳಿಸುತ್ತಾ ಹೊರಗೆ ಬಂದ. ಕಾರನ್ನು ನೋಡಿದ. ಬೀದಿಯ ಕಡೆ ನೋಡಿದ. ಮತ್ತೆ ಕಾರನ್ನು ನೋಡಿದ.

"ಮಾವ, ಇದ್ಯಾರ ಕಾರು? ನಮ್ದೆಲ್ಲಿ?"

ದೇವರಾಜು ಬಗ್ಗಿ ನಂಬರ್ ಪ್ಲೇಟನ್ನು ಉಜ್ಜಿ ಓದಿದ. ಓದಿದವನು ಅಲ್ಲೇ ಕುಕ್ಕರಗಾಲಲ್ಲಿ ಕುಳಿತುಬಿಟ್ಟ. ಒಂದು ಚುಕ್ಕೆಗಾಗಿ ದಿನವಿಡೀ ಕಣ್ಣು ಕೀಳುವ ಹುಡುಗ, ಅವನ ಎದುರಿಗೆ ಇಡೀ ಕಾರೇ ಒಂದು ಚುಕ್ಕೆಯಾಗಿ ನಿಂತಿತ್ತು. ಅವನ ಬಾಯಿಂದ "ಪರವಾಗಿಲ್ಲ" ಕೂಡ ಬರಲಿಲ್ಲ. ಅಯ್ಯೋ, ಆ ಒಂದು ಪರವಾಗಿಲ್ಲಕ್ಕೆ ರಾಮಲಿಂಗಯ್ಯ ಆಗ ತಮ್ಮ ಎರಡೂ ಹಸುವನ್ನು ಕೊಟ್ಟುಬಿಡುತ್ತಿದ್ದರು.

ಏನು ಮಾಡಲೂ ತೋಚದೆ ತಿಮ್ಮಯ್ಯ ಎಲೆ ಅಡಿಕೆ ಚೀಲ ಬಿಚ್ಚಿದ. ಎಲೆಯ ತೊಟ್ಟು ಮುರಿದ. ಅಡಿಕೆ ಬಾಯಿಗೆ ಹಾಕಿದ. ಸುಣ್ಣದ ಡಬ್ಬಿ ತೆಗೆದರೆ ಖಾಲಿ. ಆಗ ಅವನ ಕಣ್ಣು ಡಬ್ಬಿಯಿಂದ ಕಾರಿಗೆ, ಕಾರಿನಿಂದ ಡಬ್ಬಿಗೆ ಹೋಗಿ ಬಂತು. ನಿಧಾನವಾಗಿ ಬಾನೆಟ್ಟಿನ ಹತ್ತಿರ ಹೋಗಿ ಉಗುರಿನಲ್ಲಿ ಒಸಿ ಕೆರೆದು, ಎಲೆಗೆ ಸವರಿ, ಮಡಚಿ ಬಾಯಿಗಿಟ್ಟು ಅಗಿದ. ತುಟಿ ಕೆಂಪಾಯಿತು.

"ಸುಣ್ಣ ಕಣ್ಲಾ ಇದು!" ಎಂದು ಕೂಗಿದ. ಮರುಗಳಿಗೆಯಲ್ಲೇ ಮೊದಲೆರಡು ಸಲದ ಶಾಂಪು ಕೆಲಸ ತೋರಿಸಿ, ಬಾಯಿಂದ ಕೆಂಪು ನೊರೆ ಉಕ್ಕಿ, "ಥೂ ಥೂ" ಎನ್ನುತ್ತಾ ಕೈಪಂಪಿನ ಕಡೆ ಓಡಿದ.

ಗಲಾಟೆಗೆ ವೆಂಕಟಲಕ್ಷ್ಮಮ್ಮ ಹೊರಗೆ ಬಂದರು. ಕಾರು, ಮಾಪು, ಪೈಪು, ಸಜ್ಜದ ಮೇಲಿನ ಡ್ರಮ್ಮು, ಇಷ್ಟನ್ನೂ ಕಣ್ಣಲ್ಲೇ ಒಂದು ಸುತ್ತು ಹಾಕಿ ಹಣೆ ಚಚ್ಚಿಕೊಂಡರು.

"ಆ ಡ್ರಮ್ಮಿಗೆ ನಿನ್ನೆ ನಾನೇ ಸುಣ್ಣ ತರಿಸಿ ಕದಡಿ ಇಟ್ಟಿದ್ದೆ ಕಣ್ರೀ! ನಿಮ್ಗೆ ಬಗ್ಗಕ್ಕಾಗಲ್ವಲ್ಲ, ಪೈಪಲ್ಲಾದ್ರೂ ಹೊಡೀರಿ ಅಂತ!"

"ಹೇಳ್ಬಾರ್ದಾ?"

"ಹದಿನೈದು ದಿನದಿಂದ ಇನ್ನೇನ್ ಹೇಳ್ತಿದ್ದೆ? ಸುಣ್ಣ ಹೊಡೀರಿ ಅಂದ್ರೆ ಹುಳಿನ್ಮನೆಗೆ ಹೊಡೀರಿ ಅಂತ. ಅಳಿಯನ ಕಾರಿಗಾ ಹೊಡ್ಯೋದು?"

ಶ್ವೇತ ಸೆರಗು ಬಾಯಿಗಿಟ್ಟುಕೊಂಡು ಗೋಡೆಯ ಕಡೆ ತಿರುಗಿದಳು. (ಅಳುತ್ತಿದ್ದಾಳೆ ಎಂದು ಅಪ್ಪ ತಿಳಿದರು. ಅಲ್ಲ.)

ಮುಂದಿನ ಕೆಲಸವನ್ನು ಹೆಂಗಸರೇ ವಹಿಸಿಕೊಂಡರು. ದೇವರ ಮನೆಯ ಹಿತ್ತಾಳೆ ದೀಪಕ್ಕೆ ಹಾಕುವ ಮದ್ದೇ ಇದಕ್ಕೂ ಎಂದು ವೆಂಕಟಲಕ್ಷ್ಮಮ್ಮ ವರ್ಷಕ್ಕೆಂದು ಇಟ್ಟಿದ್ದ ಹುಣಸೆಹಣ್ಣಿನ ಮಡಕೆ ಇಳಿಸಿದರು. ಹುಳಿ ಕಿವುಚಿ, ನಾರು ಬೀಜ ಸೋಸಿ, ಬಟ್ಟೆ ಅದ್ದಿ ಅದ್ದಿ ಒರೆಸಿದರು. ರಾಮಲಿಂಗಯ್ಯನವರು ಕೈಪಂಪಿನಿಂದ ನಲವತ್ತು ಬಿಂದಿಗೆ ನೀರು ಹೊತ್ತರು. ಬಗ್ಗುವುದು ಬೇಡ ಎಂದು ಮಾಪು ತಂದ ಮನುಷ್ಯ ಆ ಬೆಳಿಗ್ಗೆ ಬಗ್ಗಿದ ಲೆಕ್ಕ ದೇವರಿಗೇ ಗೊತ್ತು. ಕೊನೆಗೂ ಹುಳಿಯ ಕೆಳಗಿನಿಂದ ಕಪ್ಪು ಮೇಲೆದ್ದು ಬಂತು. ದೇವರಾಜು ಕಾರಿನ ಸುತ್ತ ಮೂರು ಸುತ್ತು ಹಾಕಿ, ಮೂಗು ತಾಗುವಷ್ಟು ಹತ್ತಿರದಿಂದ ನೋಡಿ, ಉಸಿರು ಬಿಟ್ಟ.

"ಪರವಾಗಿಲ್ಲ ಮಾವ."

ರಾಮಲಿಂಗಯ್ಯನವರ ಕಣ್ಣಲ್ಲಿ ನೀರು ಬಂತು.

ಅಷ್ಟು ಹೊತ್ತಿಗೆ ದೇವಸ್ಥಾನದ ಬಾಗಿಲು ಹಾಕುವ ಸಮಯ. ಇನ್ನು ಸಾಯಂಕಾಲವೇ ಹೋಗುವುದೆಂದಾಯಿತು. ಹುಳಿಯಿಲ್ಲದ ಸಾರಿನಲ್ಲಿ ಊಟ ಮುಗಿಸಿ ರಾಮಲಿಂಗಯ್ಯ ಚಾಪೆ ಹುಡುಕುತ್ತಿದ್ದರು. ವೆಂಕಟಲಕ್ಷ್ಮಮ್ಮ ಚಾಪೆಯ ಬದಲು ಮಾಪು ತಂದು ಕೈಗೆ ಕೊಟ್ಟರು. "ಡ್ರಮ್ಮಲ್ಲಿ ಇನ್ನೂ ಅರ್ಧ ಐತೆ."

ಆ ಹೊತ್ತಿನಲ್ಲಿ ಇಲ್ಲ ಅನ್ನುವ ಬಾಯಿ ಅವರಿಗಿರಲಿಲ್ಲ. ಪೈಪು ಸಿಗಿಸಿ, ಹುಳುವಿನ ಮನೆ ಹೊಕ್ಕು, ಗೋಡೆಗೆ ಸವರತೊಡಗಿದರು. ಏನಾಶ್ಚರ್ಯ! ಕುಚ್ಚು ಗೋಡೆಗೆ ಹೇಳಿ ಮಾಡಿಸಿದ ಹಾಗಿತ್ತು. ಮೂಲೆ, ಜಂತೆ ಎಲ್ಲಕ್ಕೂ ಕೋಲು ಎಟುಕುತ್ತಿತ್ತು. ಎರಡು ಗಂಟೆಯಲ್ಲಿ ನಾಲ್ಕೂ ಗೋಡೆ ಮುಗಿದು, ಒಣಗುತ್ತಾ ಬಂದಂತೆ ಬೆಳ್ಳಗೆ ಅರಳಿದವು.

ದೇವರಾಜು ಒಳಗೆ ಬಂದ. ಅಭ್ಯಾಸ ಬಿಡುತ್ತದೆಯೇ? ಕತ್ತು ಓರೆ ಮಾಡಿಕೊಂಡು ಗೋಡೆಯುದ್ದಕ್ಕೂ ಚುಕ್ಕೆ ಹುಡುಕುತ್ತಾ ನಡೆದ. ಒಂದು ಗೋಡೆ, ಎರಡು ಗೋಡೆ. ರಾಮಲಿಂಗಯ್ಯ ಮಾಪು ಹಿಡಿದು ಹಿಂದೆಯೇ ನಡೆದರು. ನಾಲ್ಕನೇ ಗೋಡೆ ಮುಗಿಸಿ ಅಳಿಯ ತಿರುಗಿದ.

"ಒಂದು ಚುಕ್ಕೇನೂ ಇಲ್ಲ. ಚೆನ್ನಾಗೈತೆ ಮಾವ!"

ಬಂತು! ಎರಡು ವರ್ಷ ಕಾದ ಮಾತು ಬಂದೇಬಿಟ್ಟಿತು! ರಾಮಲಿಂಗಯ್ಯನವರಿಗೆ ಅಲ್ಲೇ ಕುಣಿಯಬೇಕೆನ್ನಿಸಿತು. ಆದರೆ ಅಳಿಯನ ಮಾತು ಇನ್ನೂ ಮುಗಿದಿರಲಿಲ್ಲ.

"ಬೈರಾಪಟ್ಟಣದಲ್ಲಿ ನಮ್ಮಪ್ಪಾರೂ ಹುಳಿನ್ಮನೆ ಇಟ್ಟವ್ರಲ್ಲ, ಅದಕ್ಕೆ ಸುಣ್ಣ ಹೊಡ್ಯೋರೇ ಸಿಕ್ತಿಲ್ಲ. ಹೆಂಗೂ ದೊಡ್ಡಮಳೂರಿಂದ ಆ ಕಡೆಗೇ ಹೋಗೋದು. ನೀವೂ ಬಂದ್ಬುಡಿ ಮಾವ. ನಾಳೆ ಒಂದಿನ ಅಷ್ಟೇ."

ಬೀಗರ ಮನೆ! ಹೆಣ್ಣು ಕೊಟ್ಟ ಮಾವ ಹೋದರೆ ಕಾಲಿಗೆ ನೀರು ಕೊಟ್ಟು, ಎಲೆ ಹಾಕಿ, ಒಬ್ಬಟ್ಟು ಬಡಿಸುವ ಜಾಗ. ಅಲ್ಲಿಗೆ ಸುಣ್ಣದ ಕೋಲು ಹಿಡಿದು ಹೋಗುವುದೇ? "ಅದಲ್ಲ ಅಳಿಯಂದಿರೆ, ನನ್ನ ಸೊಂಟ…" ಎಂದು ಶುರು ಮಾಡಿದರು.

"ಸೊಂಟಕ್ಕೇನಾಗೈತೆ? ಇದಕ್ಕೆ ಬಗ್ಗೋದೇ ಬ್ಯಾಡ ಅಂತ ನೀವೇ ಅಂದ್ರಲ್ಲ" ಎಂದರು ವೆಂಕಟಲಕ್ಷ್ಮಮ್ಮ ಬಾಗಿಲಲ್ಲಿ ನಿಂತು.

ಸಾಯಂಕಾಲ ಕಪ್ಪು ಕಾರು ಹೊರಟಿತು. ಮುಂದಿನ ಸೀಟಿನಲ್ಲಿ, ಅಳಿಯನ ಪಕ್ಕದಲ್ಲೇ, ರಾಮಲಿಂಗಯ್ಯನವರ ಜಾಗ. ಅವರ ತೊಡೆಯ ಮೇಲೆ ಮಾಪು, ಮಾಪಿನ ಕೆಳಗೆ ಹಳೇ ಪೇಪರು. ಸೀಟಿಗೆ ಸುಣ್ಣ ಹತ್ತದಿರಲಿ ಎಂದು ಪೇಪರು ಹಾಸಿದವನು ದೇವರಾಜುವೇ. ಹಾಸಿದ ಮೇಲೆ ಒಮ್ಮೆ ಬಗ್ಗಿ ನೋಡಿ, "ಪರವಾಗಿಲ್ಲ" ಎಂದಿದ್ದ.