ವಿವೇಕ ಹದಿನೆಂಟು

ಐವತ್ತಮೂರು ವರ್ಷದ ಗಂಡಸು, ಕೊಡಿಗೇಹಳ್ಳಿಯಲ್ಲಿ ಸ್ವಂತ ಜೆರಾಕ್ಸ್ ಮತ್ತು ಲ್ಯಾಮಿನೇಷನ್ ಅಂಗಡಿ ಇಟ್ಟುಕೊಂಡವನು, ಒಂದು ಅಂಗಿ ಹೊಲಿಸಲು ಈಗಲೂ ತಾಯಿಯ ಅಪ್ಪಣೆ ಕೇಳಬೇಕು ಎಂದರೆ ಅವನ ಹೊಟ್ಟೆ ಎಷ್ಟು ಉರಿಯಬೇಡ? ಮುನಿರತ್ನನ ಹೊಟ್ಟೆ ಇಪ್ಪತ್ತೈದು ವರ್ಷದಿಂದ ಉರಿಯುತ್ತಲೇ ಇತ್ತು. ಬೀರುವಿನ ಕೀಲಿಗೊಂಚಲು ಅವನ ತಾಯಿ ಮುನಿನಾರಾಯಣಮ್ಮನ ಸೊಂಟದಲ್ಲಿತ್ತು. ಆ ಮನೆಯಲ್ಲಿ ಗೊಂಚಲು ಯಾರ ಸೊಂಟದಲ್ಲೋ ಮಾತೂ ಅವರದೇ. ಸಾರಿಗೆ ಯಾವ ಕಾಳು, ಯಾರ ಮದುವೆಗೆ ಯಾರು ಹೋಗಬೇಕು, ಟಿ.ವಿ.ಯಲ್ಲಿ ಯಾವ ಧಾರಾವಾಹಿ, ಎಲ್ಲಕ್ಕೂ ಅಲ್ಲಿಂದಲೇ ತೀರ್ಪು ಬರಬೇಕು.

ಹೀಗಿರುವಾಗ ಶಿವರಾತ್ರಿ ಕಳೆದ ವಾರ ಮುದುಕಿ ಊಟದ ಮಧ್ಯೆ ಒಂದು ಬಾಂಬು ಹಾಕಿದಳು.

"ನಂಗೂ ಎಂಬತ್ತಾಯ್ತು. ಈ ಯುಗಾದಿಗೆ ಕೀಲಿ ಒಬ್ರ ಕೈಗೆ ಕೊಟ್ಟು, ಎಲೆ ಅಡಿಕೆ ಕುಟ್ಟಿ ಆಕ್ಕೊಂಡು ಕೂತ್ಕೊಂಡ್ಬಿಡ್ತೀನಿ. ಯಾರಿಗೆ ಅಂತ ನೋಡ್ತೀನಿ."

ಯಾರಿಗೆ ಅಂತ ನೋಡುವುದೇನು? ಮೊಮ್ಮಗಳನ್ನು ಬಿಟ್ಟರೆ ಇರುವುದು ಇಬ್ಬರೇ. ಒಬ್ಬನೇ ಮಗ ಮುನಿರತ್ನ, ಅವನ ಹೆಂಡತಿ ಸರಳಾ. ಆದರೆ ಮುದುಕಿ 'ನೋಡ್ತೀನಿ' ಎಂದಾಗ ಸೊಸೆಯ ಕಡೆ ನೋಡಿದಳೆಂದು ಮುನಿರತ್ನನಿಗೆ ಗುಮಾನಿ. ತನ್ನ ಯೋಗ್ಯತೆಗೆ ಏನಾದರೂ ದಾಖಲೆ ಬೇಕು ಎನಿಸಿತು. (ಪ್ಲಾಸ್ಟಿಕ್ ಹೊದಿಸಿದ ಮಾತೆಲ್ಲ ಸತ್ಯ ಎಂದು ನಂಬಿ ಬದುಕಿದವನು, ಪಾಪ.)

ದಾಖಲೆ ಸಿಕ್ಕಿದ್ದು ಮಗಳಿಂದ. ಸಂಯುಕ್ತಾ ಸಹಕಾರನಗರದ ಒಂದು ಹಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದಳು. ಭಾನುವಾರ ಮಧ್ಯಾಹ್ನವಾದರೆ ಸಹೋದ್ಯೋಗಿ ಆತಿಫನನ್ನೂ ಇನ್ನಿಬ್ಬರನ್ನೂ ಕರೆದುಕೊಂಡು ಮಹಡಿಯ ಕೋಣೆಯಲ್ಲಿ ಒಂದು ಆಟಕ್ಕೆ ಕೂರುವಳು. ಒಬ್ಬೊಬ್ಬರೂ ಒಂದೊಂದು ಪಾತ್ರ ಕಟ್ಟಿಕೊಳ್ಳಬೇಕು. ಆತಿಫ್ ಕಥೆ ಹೇಳುತ್ತಾನೆ. ಪಾತ್ರ ಗೆದ್ದಿತೋ ಸೋತಿತೋ ಎನ್ನುವುದನ್ನು ದಾಳ ಹೇಳುತ್ತದೆ. ಒಂದೊಂದು ಪಾತ್ರಕ್ಕೂ ಆರು ಗುಣ, ಒಂದೊಂದು ಗುಣಕ್ಕೂ ಮೂರು ದಾಳ ಉರುಳಿಸಿ ಕೂಡಿದ ಅಂಕ. ಕನಿಷ್ಠ ಮೂರು, ಗರಿಷ್ಠ ಹದಿನೆಂಟು. ಆ ಗುಣಗಳ ಹಾಳೆಯನ್ನು ಜೆರಾಕ್ಸ್ ಮಾಡಿಕೊಡುತ್ತಿದ್ದವನು ಮುನಿರತ್ನನೇ.

"ಬುದ್ಧಿ ಬೇರೆ, ವಿವೇಕ ಬೇರೆ ಯಾಕಮ್ಮ? ಎರಡೂ ಒಂದೇ ಅಲ್ವಾ?" ಎಂದು ಒಮ್ಮೆ ಮಗಳನ್ನು ಕೇಳಿದ್ದ.

"ಅಮ್ಮ ದಪ್ಪ ಆಗಿದಾಳೆ ಅಂತ ಗೊತ್ತಾಗೋದು ಬುದ್ಧಿ ಅಪ್ಪಾ. ಅದನ್ನ ಬಾಯ್ಬಿಟ್ಟು ಹೇಳ್ದೇ ಇರೋದು ವಿವೇಕ."

ಆ ಭಾನುವಾರ ಅವನು ತಾಯಿ, ಹೆಂಡತಿ ಇಬ್ಬರನ್ನೂ ಮಹಡಿಗೆ ಹತ್ತಿಸಿದ. ಎಲ್ಲರೆದುರು ತಾನೂ ಸರಳಾಳೂ ದಾಳ ಹಾಕುವುದು, ಯಾರ ಯೋಗ್ಯತೆ ಎಷ್ಟೆಂದು ಅಮ್ಮನೇ ನೋಡುವುದು. ಮುದುಕಿ ಕುರ್ಚಿ ಎಳೆದುಕೊಂಡು ಕೂತಳು. ಮುನಿರತ್ನ ಮನೆದೇವರು ಮುನೇಶ್ವರನನ್ನು ನೆನೆದು ದಾಳ ಉರುಳಿಸಿದ. ಏನು ಹೇಳಲಿ ಅವನ ಅದೃಷ್ಟವನ್ನು! ಬಾಹುಬಲ ಹದಿನೇಳು, ಚಾಕಚಕ್ಯ ಹದಿನೈದು, ದೇಹದಾರ್ಢ್ಯ ಹದಿನೆಂಟು, ಬುದ್ಧಿ ಹದಿನಾಲ್ಕು, ವಿವೇಕ ಹದಿನೆಂಟು, ವರ್ಚಸ್ಸು ಹದಿನಾರು. (ಈ ಭಾರಿ ಹೆಸರುಗಳನ್ನು ಇಟ್ಟವನೂ ಅವನೇ.) ಆತಿಫ್ ಎದ್ದು ನಿಂತು ಕೈ ಮುಗಿದ. "ಅಂಕಲ್, ನಾಲ್ಕು ವರ್ಷದಿಂದ ಆಡ್ತಿದೀನಿ, ದಾಳ ಹೀಗೆ ಬಿದ್ದಿದ್ದು ನೋಡೇ ಇಲ್ಲ!"

ಸರಳಾಳಿಗೆ ಬಾಹುಬಲ ಐದು, ಬುದ್ಧಿ ಏಳು, ವಿವೇಕ ಆರು. ಉಳಿದವೂ ಅದೇ ಜಾತಿ, ಯಾವುದೂ ಎರಡಂಕಿ ಮುಟ್ಟಲಿಲ್ಲ. ಅವಳು ಹಾಳೆ ನೋಡಿ "ಇಷ್ಟೇನಾ ನಾನು" ಎಂದು ಸುಮ್ಮನೆ ಕೆಳಗಿಳಿದು ಹೋದಳು. ಮುನಿರತ್ನನಿಗೆ ಕರುಳು ಚುರ್ ಎಂದಿತು, ಆದರೆ ಅರ್ಧ ನಿಮಿಷ ಮಾತ್ರ. ಅದೇ ಸಂಜೆ ಎರಡೂ ಹಾಳೆಗಳನ್ನು ಲ್ಯಾಮಿನೇಟ್ ಮಾಡಿ ತಂದು ನಡುಮನೆಯ ಗೋಡೆಗೆ ನೇತುಹಾಕಿದ.

"ಅಪ್ಪಾ, ಇದನ್ನ ಪೆನ್ಸಿಲಲ್ಲಿ ಬರೀತಾರೆ. ಆಡ್ತಾ ಆಡ್ತಾ ಅಳಿಸಿ ತಿದ್ದೋಕೆ," ಎಂದಳು ಸಂಯುಕ್ತಾ.

"ತಿದ್ದೋಕೆ ಏನಿದೆಯಮ್ಮ ನಂದ್ರಲ್ಲಿ?"

ಸೋಮವಾರ ಬೆಳಿಗ್ಗೆ ಗ್ಯಾಸ್ ಮುಗಿಯಿತು. ಸರಳಾ ಅಡುಗೆಮನೆಯ ಬಾಗಿಲಲ್ಲಿ ಸೆರಗು ಕಟ್ಟಿಕೊಂಡು ನಿಂತಳು.

"ರೀ, ಸಿಲಿಂಡರ್ ಒಳಗೆ ತನ್ನಿ."

"ಯಾವಾಗ್ಲೂ ನೀನೇ ಉರುಳಿಸ್ಕೊಂಡು ಬರ್ತಿದ್ಯಲ್ಲೇ?"

"ಗೊತ್ತಿರ್ಲಿಲ್ಲ ಕಣ್ರೀ, ಅದಕ್ಕೇ ಎತ್ತುತ್ತಿದ್ದೆ. ನಂಗೆ ಐದು ಅಂತ ನೆನ್ನೆ ತಾನೇ ಗೊತ್ತಾಗಿದ್ದು. ನಿಮಗೆ ಹದಿನೇಳು."

ಮುನಿರತ್ನ ತಾಯಿಯ ಕಡೆ ನೋಡಿದ. ತಾಯಿ ಗೋಡೆಯ ಕಡೆ ನೋಡಿದಳು. "ಬರ್ದಾದ್ಮೇಲೆ ಬರ್ದಂಗೇ ನಡ್ಕೋಬೇಕಪ್ಪ. ನೀನೇ ತಾನೇ ತಗಲಾಕಿದ್ದು?" ಎಂದಳು.

ಸಿಲಿಂಡರ್ ಒಳಗೆ ಬಂತು. ಅದರ ಹಿಂದೆಯೇ ಒಂದೊಂದಾಗಿ ಮನೆಯ ಸಮಸ್ತ ಭಾರವೂ ಬಂತು. ಟ್ಯಾಂಕರ್ ಬಂದ ದಿನ ಕೊಡಗಳು ಅವನವು. ರಾಗಿ ಮಿಲ್ಲಿಗೆ ಮೂಟೆ ಅವನದು. ಸಂಜೆ ಮುದ್ದೆ ತೊಳಸುವುದೂ ಅವನದೇ. ಕುದಿಯುವ ಪಾತ್ರೆಯನ್ನು ಇಳಿಸಿ, ಎರಡು ಪಾದದ ನಡುವೆ ಬಟ್ಟೆ ಸುತ್ತಿ ಒತ್ತಿ ಹಿಡಿದು, ಕೋಲಿನಲ್ಲಿ ಹಿಟ್ಟು ತಿರುವುವಾಗ ಅವನ ಹಣೆಯಿಂದ ಬೆವರು ಇಳಿಯುತ್ತಿತ್ತು. ಸರಳಾ ನಡುಮನೆಯಲ್ಲಿ ಕಡಲೆಕಾಯಿ ಬಿಡಿಸುತ್ತ, "ಗಂಟಾಗ್ಬಾರ್ದು ಕಣ್ರೀ, ಅತ್ತೆಗೆ ಹಲ್ಲಿಲ್ಲ" ಎಂದು ಕೂತಲ್ಲಿಂದಲೇ ಎಚ್ಚರಿಸುವಳು.

ಗುರುವಾರ ಅವನಿಗೆ ಜ್ವರ ಬಂತು. ಥರ್ಮಾಮೀಟರು ನೂರಾ ಎರಡು ತೋರಿಸಿತು.

"ಸುಳ್ಳು ತೋರಿಸ್ತಿದೆ," ಎಂದಳು ಸರಳಾ. "ದೇಹದಾರ್ಢ್ಯ ಹದಿನೆಂಟು ಇರೋರಿಗೆ ಜ್ವರ ಎಲ್ಲಿಂದ ಬರುತ್ತೆ? ಇದು ಕೆಟ್ಟೋಗಿರ್ಬೇಕು, ಹೋಗಿ ಬದಲಾಯಿಸ್ಕೊಂಡು ಬನ್ನಿ." ಜ್ವರದಲ್ಲೇ ನಡೆದು ಹೋಗಿ ಅವನು ಹೊಸ ಥರ್ಮಾಮೀಟರು ತಂದ. ಅದು ನೂರಾ ಮೂರು ತೋರಿಸಿತು.

ವರ್ಚಸ್ಸಿನ ಕಥೆ ಇನ್ನೂ ಘೋರ. ಹದಿನಾರಿನ ವರ್ಚಸ್ಸು ಮನೆಯಲ್ಲಿ ಕೊಳೆಯಬಾರದೆಂದು ನಾಗಸಂದ್ರದ ನಾಮಕರಣ, ಅಲ್ಲಾಳಸಂದ್ರದ ಗೃಹಪ್ರವೇಶ ಎರಡಕ್ಕೂ ಒಂದೇ ದಿನ ಅವನನ್ನೇ ಅಟ್ಟಿದರು. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಅವನ ವರ್ಚಸ್ಸಿಗೆ ಯಾವ ಗಾಡಿಯೂ ದಾರಿ ಬಿಡಲಿಲ್ಲ. ಪಕ್ಕದ ಮನೆ ಲಕ್ಷ್ಮಿದೇವಮ್ಮನ ನುಗ್ಗೆಮರದ ಕೊಂಬೆ ಇವರ ಮಹಡಿಗೆ ಬಾಗಿತ್ತು. ಅದನ್ನು ಕಡಿಸಲು ಒಪ್ಪಿಸಿ ಬರಲು ಹೋದವನು ಎರಡು ಗಂಟೆ ಅವಳ ಮಂಡಿನೋವಿನ ವೃತ್ತಾಂತ ಕೇಳಿ, ಕೊಂಬೆಗೆ ತಾನೇ ಊರುಗೋಲು ಕೊಡುತ್ತೇನೆಂದು ಒಪ್ಪಿಕೊಂಡು ವಾಪಸು ಬಂದ.

ಇತ್ತ ಸರಳಾ ಹುಳಿಗೆ ಎರಡು ಸಲ ಉಪ್ಪು ಹಾಕಿದಳು. "ಬುದ್ಧಿ ಏಳು," ಎಂದಳು. ಹಾಲು ಉಕ್ಕಿಸಿದಳು. "ವಿವೇಕ ಆರು," ಎಂದಳು. ಬೈಯಲು ಯಾರಿಗೂ ಬಾಯಿಲ್ಲ. ಅಂಗಡಿಯಲ್ಲಿ ಗಿರಾಕಿಗಳು ಸಾಲುಗಟ್ಟಿ ನಿಂತಿದ್ದಾಗ ಹತ್ತು ನಿಮಿಷಕ್ಕೊಮ್ಮೆ ಫೋನು. "ರೀ, ವಿವೇಕ ನಿಮ್ಮತ್ರ ತಾನೇ ಇರೋದು? ಸೊಪ್ಪು ಮಾಡ್ಲಾ, ಕಾಳು ಮಾಡ್ಲಾ?" ಕಾಳು ಎಂದರೆ ಕಾಳಿಲ್ಲ, ಸೊಪ್ಪು ಎಂದರೆ ಹುಳ.

ಎರಡು ವಾರಕ್ಕೆ ಮುನಿರತ್ನ ನಾಲ್ಕು ಕೆ.ಜಿ. ಇಳಿದ. ಸರಳಾ ಮಾತ್ರ ನುಣ್ಣಗೆ ಹೊಳೆಯತೊಡಗಿದಳು. (ಬುದ್ಧಿಯಿಂದ ಅವನಿಗೆ ಅದು ಗೊತ್ತಾಯಿತು, ವಿವೇಕದಿಂದ ಹೇಳಲಿಲ್ಲ.) ಮೂರನೆಯ ಭಾನುವಾರ ಅವನು ಸೊಂಟ ಹಿಡಿದುಕೊಂಡು ಮಹಡಿ ಹತ್ತಿ ಆತಿಫನ ಮುಂದೆ ನಿಂತ.

"ನಂಗೆ ಬೇರೆ ಅಂಕ ಬೇಕಪ್ಪ. ಕಮ್ಮಿ ಇರೋದು."

"ಹಾಗೆಲ್ಲ ಬದಲಾಯ್ಸೋಕಾಗಲ್ಲ ಅಂಕಲ್. ಈ ಪಾತ್ರ ಸತ್ರೆ ಮಾತ್ರ ಹೊಸದು."

"ಸಾಯ್ತೀನಿ," ಎಂದ ಮುನಿರತ್ನ, ಹಿಂದೆಮುಂದೆ ನೋಡದೆ. ಅಷ್ಟರಲ್ಲಿ ಮುದುಕಿಯೂ ಮಗನ ಅಂತ್ಯ ನೋಡಲು ಮೇಲೆ ಬಂದು ಕುರ್ಚಿ ಹಿಡಿದಳು.

ಸಾಯುವುದು ಅಷ್ಟು ಸುಲಭವಾಗಿರಲಿಲ್ಲ. ಬೆಟ್ಟದಿಂದ ಹಾರಿದ. ಇಪ್ಪತ್ತು ಮುಖದ ದಾಳ ಉರುಳಿಸಿದ ಆತಿಫ್, "ಚಾಕಚಕ್ಯ ಹದಿನೈದು ಅಂಕಲ್, ಕೊಂಬೆ ಹಿಡ್ಕೊಂಡ್ರಿ," ಎಂದ. ಕೊಡ ತುಂಬ ವಿಷ ಕುಡಿದ. ದೇಹದಾರ್ಢ್ಯ ಹದಿನೆಂಟು, ಬರೀ ತೇಗು ಬಂತು. ರಾಕ್ಷಸನ ಬಾಯಿಗೇ ನಡೆದ. ಇವನ ವರ್ಚಸ್ಸಿಗೆ ಮರುಳಾದ ರಾಕ್ಷಸ ಕೂಡಿಸಿ ಕಾಫಿ ಕೊಟ್ಟು ಕಷ್ಟಸುಖ ಹೇಳಿಕೊಂಡ. ಒಂದು ಗಂಟೆಯಾದರೂ ಪ್ರಾಣ ಹೋಗಲಿಲ್ಲ. ಮುನಿರತ್ನನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು.

ಸರಳಾ ತಟ್ಟೆಯಲ್ಲಿ ಬೋಂಡಾ ಹಿಡಿದು ಬಂದಳು. "ಏನಾಗ್ತಿದೆ?"

"ಅಪ್ಪನ್ನ ಸಾಯಿಸ್ತಿದೀವಮ್ಮ, ರಾಕ್ಷಸನ ಮನೇಗೆ ಕಳಿಸಿದ್ರೂ ಸಾಯ್ತಾನೇ ಇಲ್ಲ," ಎಂದಳು ಸಂಯುಕ್ತಾ.

"ಅಷ್ಟಕ್ಕೆ ಇಷ್ಟೊತ್ತಾ?" ಸರಳಾ ತಟ್ಟೆ ಕೆಳಗಿಟ್ಟಳು. "ರಾಕ್ಷಸನ ಮನೆಯಿಂದ ಇವರು ವಾಪಸು ಮನೆಗೆ ಬಂದ್ರು. ಹೆಂಡ್ತಿ ಮುಖ ಊದಿಸ್ಕೊಂಡು ಕೂತಿದಾಳೆ. ಏನಾಯ್ತೇ ಅಂದ್ರೆ 'ಏನಿಲ್ಲ ಬಿಡಿ' ಅಂದ್ಳು. ಏನಾಗಿದೆ ಅಂತ ಇವರೇ ಕಂಡುಹಿಡೀಬೇಕು. ಹಾಕ್ಸು ದಾಳ, ಆತಿಫ್."

ಮುನಿರತ್ನ ದಾಳ ಉರುಳಿಸಿದ. ಒಂದು ಬಿತ್ತು. ಒಂದು ಬಿದ್ದರೆ ಹದಿನೆಂಟರ ವಿವೇಕವೂ ಕಾಯುವುದಿಲ್ಲ.

"ಅಂಕಲ್ ಸತ್ರು!" ಎಂದ ಆತಿಫ್. ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಸತ್ತವನೇ. ತಡಮಾಡದೆ ಹೊಸ ಪಾತ್ರಕ್ಕೆ ದಾಳ ಹಾಕಿದ. ಬಾಹುಬಲ ನಾಲ್ಕು, ದೇಹದಾರ್ಢ್ಯ ಐದು, ವಿವೇಕ ಮೂರು! ಖುಷಿಯಲ್ಲಿ ಎರಡು ಬೋಂಡಾ ಒಟ್ಟಿಗೆ ಬಾಯಿಗೆ ಹಾಕಿಕೊಂಡ.

"ಅಮ್ಮಾ, ಇನ್ಮೇಲೆ ನಂಗೆ ನಾಲ್ಕು, ಅವಳಿಗೆ ಐದು. ಸಿಲಿಂಡರ್ ಅವಳೇ ಎತ್ತಲಿ!"

ಮುದುಕಿ ಸೊಂಟದಿಂದ ಕೀಲಿಗೊಂಚಲು ಬಿಚ್ಚಿದಳು.

"ಯುಗಾದಿಗಂಟ ಯಾಕ್ ಕಾಯೋದು? ನೋಡಾಯ್ತು. ಅದಿನೆಂಟು ಬಂದೋನು ಎರಡು ವಾರಕ್ಕೆ ಸಾಯೋಕೆ ರೆಡಿಯಾದ. ಐದು ಬಂದೋಳು ಅದೇ ಐದಿಟ್ಕೊಂಡು ಮನೇನೆಲ್ಲ ಅವನ ತಲೆ ಮೇಲೆ ಏರ್ಸಿದ್ಲು. ಅಂಕ ಎಷ್ಟು ಬಂತು ಅಂತ ಅಲ್ಲ ಮಗ, ಬಂದಿದ್ನ ಎಂಗೆ ಆಡ್ತಾರೆ ಅಂತ. ತಗೋ ಸರಳಾ."

ಸರಳಾ ಅತ್ತೆಯ ಕಾಲಿಗೆ ಬಿದ್ದು, ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಗಂಡನ ಹೊಸ ಹಾಳೆಯನ್ನು ಓದಿ ಮಡಚಿ ಅದರಲ್ಲೇ ಕೈಗಂಟಿದ ಬೋಂಡಾದ ಎಣ್ಣೆ ಒರೆಸಿಕೊಂಡಳು.

"ಈ ಅಂಕ ಪಂಕ ಎಲ್ಲ ಇವತ್ತಿಗೆ ಸಾಕು. ಯಾರ್ ಏನ್ ಕೆಲಸ ಮಾಡ್ಬೇಕು ಅಂತ ನಾನ್ ಹೇಳ್ತೀನಿ."

"ಮುದ್ದೆ ಮಾತ್ರ ಅವನೇ ತೊಳಸ್ಲಿ ಕಣಮ್ಮ," ಎಂದಳು ಮುದುಕಿ. "ಅರವತ್ತು ವರ್ಷದಲ್ಲಿ ಈ ಮನೇಲಿ ಇಷ್ಟು ನಯವಾದ ಮುದ್ದೆ ನಾ ತಿಂದಿಲ್ಲ. ನಿಂದ್ರಲ್ಲಿ ಗಂಟಿರ್ತಿತ್ತು."

ಮುನಿರತ್ನ ಒಬ್ಬೊಬ್ಬರ ಮುಖವನ್ನೂ ನೋಡಿದ. ಮಗಳು ನಗು ತಡೆದುಕೊಳ್ಳಲು ಆ ಕಡೆ ತಿರುಗಿದ್ದಳು. ನಿಜಕ್ಕೂ ವಿವೇಕ ಮೂರೇ ಇದ್ದಿದ್ದರೆ ಅಲ್ಲೇ ಕೂತು ವಾದ ಮಾಡುತ್ತಿದ್ದ. ಆದರೆ ಅವನು ಸೊಂಟ ಹಿಡಿದುಕೊಂಡು ಎದ್ದು, ಮೆಟ್ಟಿಲಿಳಿದು, ಒಲೆಯ ಮೇಲೆ ನೀರಿಟ್ಟ. ಹಿಟ್ಟಿನ ಡಬ್ಬ ತೆಗೆದವನಿಗೆ ಅಳತೆ ತಿಳಿಯದೆ ಮಹಡಿಯ ಕಡೆ ಕತ್ತೆತ್ತಿ ಕೂಗಿದ.

"ಆತಿಫ್, ನಿನಗೆ ಒಂದು ಮುದ್ದೆ ಸಾಕೋ, ಎರಡು ಮಾಡ್ಲೋ?"