ಗಾಜು ಒಡೆಯದ ಚೀಲ

ಕ್ಯಾಮೆರಾ ಹೊತ್ತು ಬೆಟ್ಟ ಸುತ್ತುವವನು ಫಜೀತಿಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ ಸ್ವಾಮಿ, ಅದು ಉದಕಮಂಡಲದ ಸ್ಟೇಷನ್ನಿನಲ್ಲೇ ನನಗಾಗಿ ಕಾದು ಕೂತಿರುತ್ತದೆ. ನಾನು ಟಿಕೆಟ್ ತೆಗೆದುಕೊಂಡು ರೈಲು ಹತ್ತಿದರೆ ಅದೂ ಹತ್ತುತ್ತದೆ, ಅದಕ್ಕೆ ಟಿಕೆಟ್ಟೂ ಬೇಡ.

ನಾನು ಗುಂಡ್ಲುಪೇಟೆ ಕಡೆಯವನು. ಅಮ್ಮ ತೀರಿಕೊಂಡ ಮೇಲೆ ಊರಲ್ಲಿ ಬಾ ಅನ್ನುವವರಿಲ್ಲದೆ ಘಟ್ಟ ಹತ್ತಿ ಬಂದು, ಮಾರ್ಕೆಟ್ಟಿನ ಹಿಂದೆ ಒಂದು ಮಹಡಿ ಕೋಣೆ ಹಿಡಿದು ಫೋಟೋ ತೆಗೆಯುವ ಕಸುಬು ಶುರುಮಾಡಿದೆ. ಗಂಡ, ಹೆಂಡತಿ, ಮಕ್ಕಳು ಅಂತ ಸಂಸಾರಗಳು ಬರುತ್ತಿದ್ದವು. "ಹತ್ತಿರ ಹತ್ತಿರ ಕೂತುಕೊಳ್ಳಿ, ಅಲುಗಾಡಬೇಡಿ" ಅನ್ನುತ್ತಿದ್ದೆ. ಅವರು ಹತ್ತಿರ ಕೂತು, ಫೋಟೋ ತೆಗೆಸಿಕೊಂಡು ಹೊರಟುಹೋಗುತ್ತಿದ್ದರು. ಎಷ್ಟೋ ದಿನ ಬೆಳಗಿನಿಂದ ಸಂಜೆವರೆಗೆ ನನ್ನ ಬಾಯಿಂದ ಬಂದ ಮಾತು ಆ ನಾಲ್ಕೇ.

ಒಂದು ದಿನ ಅರವಂಕಾಡಿನ ಸಿಡಿಮದ್ದಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ, ಈ ಬೆಟ್ಟದವರೇ ಆದ ಬಡಗರ ಮನುಷ್ಯನೊಬ್ಬ ಬಂದ. "ಅಣ್ಣಾ, ನಮ್ಮ ಅವ್ವೆಯ ಫೋಟೋ ಬೇಕು. ಕೆತ್ತಿ ಸ್ಟೇಷನ್ನಿನ ಕೆಳಗಿನ ಹಟ್ಟಿಯಲ್ಲಿದ್ದಾಳೆ. ಹೋದ ಚಳಿಯಲ್ಲೇ ಹೋಗಿಬಿಡುತ್ತಾಳೆ ಅಂದುಕೊಂಡಿದ್ದೆವು, ಉಳಿದಳು. ಮುಂದಿನ ಚಳಿ ಬೀಳುವುದರೊಳಗೆ ತೆಗೆದುಕೊಡು. ಅವಳಿಗೆ ಬೆಟ್ಟ ಹತ್ತಲು ಆಗುವುದಿಲ್ಲ" ಅಂದ.

ಆಗಲಿ ಅಂದೆ. ಮೈಸೂರಿನಲ್ಲಿ ಕಸುಬು ಕಲಿಯುವಾಗ ಕಂಡಕಂಡವರ ಫೋಟೋ ತೆಗೆದವನು ನಾನು, ನಮ್ಮಮ್ಮನದು ಮಾತ್ರ ನಾಳೆ ತೆಗೆದರಾಯಿತು ಅಂತ ಬಿಟ್ಟಿದ್ದೆ. ಈಗ ಅವಳ ಮುಖ ನೆನಪಿಗೆ ಸರಿಯಾಗಿ ಬರುವುದಿಲ್ಲ. ಇವನ ತಾಯಿಯ ಫೋಟೋವನ್ನಾದರೂ ತೆಗೆಯಲೇಬೇಕು ಅಂತ ನಿಶ್ಚಯಿಸಿದೆ. ಆದರೆ ನನ್ನ ಕ್ಯಾಮೆರಾ ಗಾಜಿನ ಪ್ಲೇಟಿನದು, ಚಿತ್ರ ಬೀಳುವುದೇ ಗಾಜಿನ ಮೇಲೆ. ಗಾಜು ಒಡೆಯದ ಹಾಗೆ ಬೆಟ್ಟ ಇಳಿಸಿ, ಮತ್ತೆ ಬೆಟ್ಟ ಹತ್ತಿಸಬೇಕು. ಅದಕ್ಕೊಂದು ಚೀಲ ಬೇಕಿತ್ತು.

೧. ಬಾಯಿ ಬಿಡುವ ಚೀಲ

ತನ್ನ ಸೀಮೆಗೆ ವಾಪಸು ಹೊರಟ ಇಂಗ್ಲಿಷ್ ದೊರೆಯೊಬ್ಬನ ಬಂಗಲೆಯಲ್ಲಿ ಸಾಮಾನು ಹರಾಜು ನಡೆಯಿತು. ಅಲ್ಲೊಂದು ಕಪ್ಪು ಚರ್ಮದ ಚೀಲ ಸಿಕ್ಕಿತು. ಹಿತ್ತಾಳೆ ಕೊಂಡಿ ಒತ್ತಿದರೆ ಟಪ್ಪನೆ ಬಾಯಿ ಬಿಡುತ್ತಿತ್ತು. ಕೊಂಡು ತಂದು, ಕನ್ನಡಿಯ ಮುಂದೆ ಅದನ್ನು ಹಿಡಿದುಕೊಂಡು ನಾಲ್ಕು ಸಲ ಓಡಾಡಿದೆ. ಚೆನ್ನಾಗಿದೆ ಅನ್ನಲು ಕೋಣೆಯಲ್ಲಿ ಬೇರೆ ಯಾರಿದ್ದರು? ನಾನೇ ಅಂದುಕೊಂಡೆ.

ಹಟ್ಟಿ ಅಂದರೆ ಅವರ ಊರು. ಒಂದೇ ಸಾಲಿನಲ್ಲಿ ಮನೆಗಳು, ಮುಂದೆ ಉದ್ದಕ್ಕೂ ಅಂಗಳ. ನಾನು ಅಂಗಳಕ್ಕೆ ಕಾಲಿಟ್ಟಿದ್ದೇ ತಡ, ಆಡುತ್ತಿದ್ದ ಮಗುವೊಂದು ಚೀಲ ನೋಡಿ ಕಿಟಾರನೆ ಕಿರುಚಿತು. ಧಡಧಡ ಅಂತ ಬಾಗಿಲುಗಳು ಮುಚ್ಚಿದವು. ಕೊನೆಗೆ ಅಂಗಳದಲ್ಲಿ ಉಳಿದವರು ನಾನು ಮತ್ತು ಒಂದು ಎಮ್ಮೆ.

ಸ್ವಲ್ಪ ಹೊತ್ತಿಗೆ ಗಟ್ಟಿಮುಟ್ಟಾದ ಗಂಡಸೊಬ್ಬ ಹೊರಬಂದು, ಅಂಗಿಯ ತೋಳು ಮಡಿಸಿ, ಕಣ್ಣು ಮುಚ್ಚಿ ನನ್ನ ಮುಂದೆ ನಿಂತ. "ಹೋದ ಸಲ ಎಡಗೈಗೆ ಹಾಕಿದಿರಿ. ಈ ಸಲ ಬಲಗೈಗೆ ಹಾಕಿ. ಬೇಗ ಮುಗಿಸಿ" ಅಂದ. ಸಿಡುಬು ಬರದ ಹಾಗೆ ದೇವಿ ಹಾಕುವ, ಅಂದರೆ ಸೂಜಿ ಚುಚ್ಚುವ ಸರಕಾರದವನು ಹಿಂದಿನ ವಾರ ಇಂಥದ್ದೇ ಚೀಲ ಹಿಡಿದು ಬಂದಿದ್ದನಂತೆ.

"ಅಯ್ಯೋ ಯಜಮಾನರೇ, ನಾನು ದೇವಿ ಹಾಕುವವನಲ್ಲ, ನೋಡಿ ಬೇಕಾದರೆ" ಅಂತ ಚೀಲದ ಬಾಯಿ ಬಿಡಿಸಿ, ಕ್ಯಾಮೆರಾದ ಹಿತ್ತಾಳೆ ಕೊಳವೆಯನ್ನು ಹೊರತೆಗೆದು ತೋರಿಸಿದೆ. ಆತ ಒಂದು ಕಣ್ಣು ತೆರೆದು ನೋಡಿದ.

"ಸೂಜಿ ಇಷ್ಟು ದಪ್ಪದ್ದಾ!" ಅಂದವನೇ ಗೋಡೆ ಹಾರಿ ಓಡಿದ.

೨. ತಗಡಿನ ಟ್ರಂಕು

ಆ ಚರ್ಮದ ಚೀಲ ಗೂಡಲೂರಿನ ಮಳೆಗೆ ಬಲಿಯಾಯಿತು. ಒಂದು ಮದುವೆ ಫೋಟೋಗೆ ಹೋಗಿ ಎಂಟು ದಿನ ಅಲ್ಲಿ ಇದ್ದೆ ನೋಡಿ, ಚೀಲಕ್ಕೆ ಬೂಷ್ಟು ಹಿಡಿದು ಹಸಿರಾಯಿತು. ತಗಡಾದರೆ ಬೂಷ್ಟಿನ ಕಾಟವಿಲ್ಲ ಅಂತ ಒಂದು ಟ್ರಂಕು ತಂದೆ. ಒಳಗೆ ಕ್ಯಾಮೆರಾ, ಪ್ಲೇಟು, ನನ್ನ ಹಳೇ ಪಂಚೆಗಳ ಮೆತ್ತೆ.

ಕೆತ್ತಿ ಸ್ಟೇಷನ್ನಿನಿಂದ ಹಟ್ಟಿಗೆ ಇಳಿಜಾರು. ಅರ್ಧ ದಾರಿಯಲ್ಲಿ ಕಾಲು ಜಾರಿತು. ನಾನು ಒಂದು ಪೊದೆ ಹಿಡಿದು ನಿಂತೆ, ಟ್ರಂಕು ನಿಲ್ಲಲಿಲ್ಲ. ಆಲೂಗಡ್ಡೆ ಹೊಲಗಳನ್ನೆಲ್ಲ ಹಾದು ಉರುಳಿಕೊಂಡು, ನನಗಿಂತ ಮೊದಲೇ ಹೋಗಿ ನಾನು ಫೋಟೋ ತೆಗೆಯಬೇಕಿದ್ದ ಅಜ್ಜಿಯ ಅಂಗಳದಲ್ಲಿ ಕೂತುಬಿಟ್ಟಿತು. ನಾನು ಏದುಸಿರು ಬಿಡುತ್ತಾ ಹೋಗುವ ಹೊತ್ತಿಗೆ ಹಟ್ಟಿಯೆಲ್ಲ ಅದರ ಸುತ್ತ ನಿಂತಿತ್ತು. ಬೀಗ ತೆಗೆದರೆ ಕ್ಯಾಮೆರಾ ಹೇಗೋ ಬದುಕಿತ್ತು, ಪ್ಲೇಟುಗಳೆಲ್ಲ ಚೂರು.

ಅಜ್ಜಿಗೆ ಅವರ ಮಾತಿನಲ್ಲಿ ಹೆತ್ತೆ ಅನ್ನುತ್ತಾರೆ. ಹೆತ್ತೆ ಮೆಲ್ಲಗೆ ಹೊರಗೆ ಬಂದಳು. ಬಿಳಿ ಸೀರೆ, ತಲೆಗೆ ಬಿಳಿ ಬಟ್ಟೆ, ಮುಖದ ತುಂಬ ಸುಕ್ಕು. ಟ್ರಂಕನ್ನೂ ನನ್ನನ್ನೂ ನೋಡಿ ಸೊಸೆಗೆ, "ಪೆಟ್ಟಿಗೆ ತಂದಿದ್ದಾನೆ, ಇರೋಕೆ ಬಂದವನು. ನೀರು ಕಾಯಿಸು" ಅಂದಳು.

ಇಲ್ಲ, ಈಗಲೇ ಹೋಗಬೇಕು ಅಂತ ಹೇಳಬೇಕಾಗಿತ್ತು. ಹೇಳಲಿಲ್ಲ ಸ್ವಾಮಿ. ನನಗಾಗಿ ಯಾರಾದರೂ ನೀರು ಕಾಯಿಸಿ ಎಷ್ಟು ವರ್ಷವಾಗಿತ್ತೋ. ಎರಡು ದಿನ ಹಿಟ್ಟು, ಅವರೆಕಾಳಿನ ಸಾರು ಉಂಡುಕೊಂಡು ಇದ್ದುಬಿಟ್ಟೆ. ಹಟ್ಟಿಗೆ ಬಂದವರು ಹಿರಿಯರ ಮುಂದೆ ತಲೆ ಬಗ್ಗಿಸುತ್ತಿದ್ದರು, ಹಿರಿಯರು ತಲೆಯ ಮೇಲೆ ಕೈಯಿಟ್ಟು ಹರಸುತ್ತಿದ್ದರು. ಹೆತ್ತೆಯ ಮುಂದೆಯಂತೂ ಎಲ್ಲರೂ ಬಗ್ಗುವವರೇ, ಹಟ್ಟಿಗೆಲ್ಲ ಅವಳೇ ಹಿರಿಯಳು. ಹೊರಗಿನವನ ತಲೆ ಯಾರು ಮುಟ್ಟುತ್ತಾರೆ ಅಂತ ನಾನು ದೂರದಿಂದಲೇ ಕೈಮುಗಿದೆ.

ಹೊರಡುವಾಗ ಹೆತ್ತೆ ಕೇಳಿದಳು, "ಎರಡು ದಿನ ಇದ್ದೆಯಲ್ಲ ಮಗ, ಬಂದ ಕೆಲಸ ಆಯಿತಾ?"

"ಇಲ್ಲ ಹೆತ್ತೆ, ಗಾಜು ಒಡೆದುಹೋಯಿತು."

"ಹಂಗಂದರೆ ಮುಂದಿನ ಸಲವೂ ಒಡೆದದ್ದೇ ತಕ್ಕೊಂಡು ಬಾ" ಅಂದಳು.

೩. ಗೋಣಿ

ಚೀಲ ನೋಡಿ ಯಾರೂ ಏನೂ ತಿಳಿದುಕೊಳ್ಳಬಾರದು, ಎಲ್ಲರ ಚೀಲದ ಹಾಗೇ ಇರಬೇಕು ಅಂತ ಯೋಚಿಸಿ ಮೂರನೆಯ ಸಲ ಗೋಣಿಚೀಲ ಆರಿಸಿದೆ. ಹುಲ್ಲು ತುಂಬಿ, ನಡುವೆ ಕ್ಯಾಮೆರಾ ಮತ್ತು ಪ್ಲೇಟು ಇಟ್ಟು, ಬಾಯಿ ಹೊಲಿದೆ. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ.

ರೈಲಿನಲ್ಲಿ ಮೇಟುಪಾಳ್ಯದ ಮಂಡಿಗೆ ಹೊರಟ ಗೋಣಿಗಳು ರಾಶಿ ಬಿದ್ದಿದ್ದವು. ನನ್ನದನ್ನೂ ಅವುಗಳ ಪಕ್ಕದಲ್ಲೇ ಇಟ್ಟು ಕೂತೆ. ಕೆತ್ತಿ ಬಂತು, ಅವಸರದಲ್ಲಿ ಗೋಣಿ ಎಳೆದುಕೊಂಡು ಇಳಿದೆ. ಕ್ಯಾಮೆರಾ ಯಾಕೋ ಭಾರವಾಗಿದೆ, ನನಗೂ ವಯಸ್ಸಾಯಿತು ಅಂದುಕೊಂಡು ಹೊತ್ತೆ. ಹಟ್ಟಿಯ ಅಂಗಳದಲ್ಲಿ ಎಲ್ಲರೂ ಸೇರಿದರು. ಮಗರಾಯ ಕಾರ್ಖಾನೆಗೆ ರಜ ಹಾಕಿ ಬಂದಿದ್ದ. ಹೆತ್ತೆ ಹೊಸ ಸೀರೆ ಉಟ್ಟು ಮಣೆಯ ಮೇಲೆ ಕೂತಿದ್ದಳು. ನಾನು ಹೊಲಿಗೆ ಬಿಚ್ಚಿ, ಗತ್ತಿನಿಂದ ಗೋಣಿ ಬಗ್ಗಿಸಿದೆ.

ಆಲೂಗಡ್ಡೆ! ಅಂಗಳದ ತುಂಬ ಉರುಳಿದವು. ಬೆಟ್ಟದ ಮೇಲಿನಿಂದ ಕೆತ್ತಿಯವರಿಗೆ ಆಲೂಗಡ್ಡೆ ಹೊತ್ತು ತಂದುಕೊಟ್ಟವನು ಪ್ರಪಂಚದಲ್ಲಿ ನಾನೊಬ್ಬನೇ ಇರಬೇಕು.

ಹೆತ್ತೆ ಒಂದನ್ನು ಕೈಯಲ್ಲಿ ಹಿಡಿದು ಹೊರಳಿಸಿ ನೋಡಿದಳು. "ಒಳ್ಳೆ ಮನಸ್ಸಿನವನು ಪಾಪ. ಆದರೆ ನಮ್ಮವು ಇದಕ್ಕಿಂತ ದಪ್ಪ" ಅಂದಳು.

೪. ಹಸುಬೆ

ಮೂರು ದಿನ ಅಲೆದು ಮಂಡಿಯಿಂದ ಕ್ಯಾಮೆರಾ ಬಿಡಿಸಿಕೊಂಡು ಬಂದೆ. ಪ್ಲೇಟುಗಳ ಗತಿ ಹೇಳುವುದೇ ಬೇಡ. ಬೆಳಗಾದರೆ ಕೈ ಕೊರೆಯುವ ಚಳಿ ಆಗಲೇ ಶುರುವಾಗಿತ್ತು. ನನಗೆ ಸಾಕಾಗಿಹೋಗಿತ್ತು. ಕೋಣೆಯ ಮಾಲೀಕನಿಗೆ, "ಇನ್ನೊಂದು ಸಲ ನೋಡುತ್ತೇನೆ. ಈ ಸಲವೂ ಗಾಜು ಒಡೆದರೆ ಕೋಣೆ ಖಾಲಿ ಮಾಡಿ ಕೆಳಗೆ ಹೋಗುತ್ತೇನೆ" ಅಂದೆ.

"ಕೆಳಗೆ ಯಾರಿದ್ದಾರೆ ನಿಮಗೆ?" ಅಂದ.

"ಇಲ್ಲಿ ಯಾರಿದ್ದಾರೆ?" ಅಂದೆ.

ಆ ವಾರ ಮಸಿನಗುಡಿಯಲ್ಲಿ ಒಬ್ಬ ವ್ಯಾಪಾರಿಯ ಫೋಟೋ ತೆಗೆಯಲು ಹೋಗಿದ್ದೆ. ನಮ್ಮ ಗುಂಡ್ಲುಪೇಟೆ ಕಡೆಯವರೇ, ಎತ್ತಿನ ಮೇಲೆ ರಾಗಿ, ಹುಣಸೆಹಣ್ಣು ಹೇರಿಕೊಂಡು ಬರುವವರು. ನನ್ನ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಒಳಗಿನಿಂದ ಒಂದು ಹಳೇ ಹಸುಬೆ ತಂದರು. ಉದ್ದನೆಯ ದಪ್ಪ ನೂಲಿನ ಚೀಲ, ಬಾಯಿ ನಡುವೆ ಇರುತ್ತದೆ. ಹೆಗಲ ಮೇಲೆ ಹಾಕಿಕೊಂಡರೆ ಅರ್ಧ ಎದೆಗೆ, ಅರ್ಧ ಬೆನ್ನಿಗೆ.

"ಎರಡು ಕಡೆಯೂ ಸಮ ಭಾರ ಇರಬೇಕು ಕಣಪ್ಪ, ಆಗಲೇ ಇದು ಹೆಗಲ ಮೇಲೆ ನಿಲ್ಲುವುದು. ಹಿಂದಕ್ಕೆ ಕ್ಯಾಮೆರಾ ಹಾಕು. ಮುಂದಕ್ಕೆ ರಾಗಿ ತುಂಬಿ ಅದರಲ್ಲಿ ಗಾಜು ಹೂತಿಡು. ನಾವು ಕೋಳಿಮೊಟ್ಟೆ ಸಾಗಿಸುವುದು ಹಾಗೇ ಅಲ್ಲವಾ?" ಅಂದರು.

ಅವರು ಹೇಳಿದ ಹಾಗೇ ತುಂಬಿಕೊಂಡು ವಾಪಸು ಹೊರಟೆ. ಸೀಗೂರು ಘಾಟಿಯ ಕಲ್ಲುದಾರಿಯಲ್ಲಿ ಗಾಡಿ ಕುಲುಕಿ ನನ್ನ ಮೈಮೂಳೆಯೆಲ್ಲ ಸಡಿಲವಾಯಿತು. ಕೋಣೆಗೆ ಬಂದು ನೋಡುತ್ತೇನೆ, ಒಂದು ಪ್ಲೇಟಿನ ಮೂಲೆಯೂ ಮುಕ್ಕಾಗಿರಲಿಲ್ಲ! ಹಿಗ್ಗಿ ಹೋದೆ. ಸಿಹಿ ಹಂಚೋಣವೆಂದರೆ ಯಾರಿಗೆ ಹಂಚುವುದು? ಗಾಜಿಗೆ ಹಾಸಿದ್ದ ರಾಗಿಯಲ್ಲೇ ಎರಡು ಹಿಡಿ ಬೀಸಿ, ಮುದ್ದೆ ಮಾಡಿ, ಒಬ್ಬನೇ ಕೂತು ಉಂಡೆ.

೫. ಬಗ್ಗಿದ ತಲೆ

ನಾಲ್ಕನೆಯ ಸಲ ಎಲ್ಲ ಸರಿಯಿತ್ತು. ಹಸುಬೆ ಹೆಗಲ ಮೇಲೆ, ರಾಗಿಯ ನಡುವೆ ಮೂರು ಪ್ಲೇಟು. ಯಾರೂ ಓಡಲಿಲ್ಲ, ಏನೂ ಉರುಳಲಿಲ್ಲ. ಹೆತ್ತೆ ಮಣೆಯ ಮೇಲೆ ಕೂತಳು. ಮುಕ್ಕಾಲಿ ನಿಲ್ಲಿಸಿ, ಕಪ್ಪು ಬಟ್ಟೆ ಹೊದ್ದು, ತಲೆ ಬಗ್ಗಿಸಿ, ಪ್ಲೇಟು ಹಾಕಿ, ಕ್ಯಾಮೆರಾದ ಕಣ್ಣು ತೆರೆಸುವ ರಬ್ಬರ್ ಬುಡ್ಡೆ ಒತ್ತಿದೆ. ನನ್ನದು ಹಳೇ ಕ್ಯಾಮೆರಾ, ಸಂದಿಯಲ್ಲಿ ಬೆಳಕು ಸೋರುತ್ತದೆ. ಹಾಗಾಗಿ ಕೊನೆಯವರೆಗೂ ಬಟ್ಟೆಯೊಳಗೆ ಬಗ್ಗಿಯೇ ಇರುವುದು ನನ್ನ ರೂಢಿ.

ತಲೆಯ ಮೇಲೆ ಏನೋ ಬಿತ್ತು. ಬೆಚ್ಚಿ ಬಟ್ಟೆ ಸರಿಸಿದರೆ ಹೆತ್ತೆ! ಮಣೆ ಖಾಲಿ. ನನ್ನ ತಲೆಯ ಮೇಲೆ ಕೈಯಿಟ್ಟುಕೊಂಡು, "ಒಂದಿದ್ದದ್ದು ಸಾವಿರ ಆಗಲಿ" ಅಂತ ಹರಸುತ್ತಿದ್ದಳು.

"ಹೆತ್ತೆ, ಏಳಬಾರದು, ಕೂತೇ ಇರಬೇಕು."

"ನೀನು ತಲೆ ಬಗ್ಗಿಸಿ ನಿಂತಿರುವಾಗ ನಾನು ಕಲ್ಲಿನ ಹಾಗೆ ಕೂತಿರಲಾ? ಹಟ್ಟಿ ಏನಂದೀತು?"

ಮಗ ಗೋಗರೆದ, ಸೊಸೆ ತಿಳಿಹೇಳಿದಳು. ಕೊನೆಗೆ ಹೆತ್ತೆ ಆಗಲಿ ಅಂದಳು. ಎರಡನೆಯ ಪ್ಲೇಟು ಹಾಕಿ ಮತ್ತೆ ಬಗ್ಗಿದೆ. ಬುಡ್ಡೆ ಒತ್ತುವುದಕ್ಕೂ ಹೆಜ್ಜೆಯ ಸದ್ದಿಗೂ ಸರಿಹೋಯಿತು. ಮತ್ತೆ ಅದೇ ಕೈ, ತಲೆಯ ಮೇಲೆ. ಹಟ್ಟಿಯೆಲ್ಲ ಗೊಳ್ಳೆಂದು ನಗುತ್ತಿತ್ತು.

ನಾನು ಬಟ್ಟೆಯೊಳಗಿಂದ ಹೊರಗೆ ಬರಲಿಲ್ಲ. ಅಮ್ಮ ಹೋದ ಮೇಲೆ ನನ್ನ ತಲೆ ಮುಟ್ಟಿದವರು ಯಾರೂ ಇರಲಿಲ್ಲ. ಅಳು ಒತ್ತರಿಸಿ ಬಂತು, ಕಪ್ಪು ಬಟ್ಟೆ ಇದ್ದದ್ದು ಒಳ್ಳೆಯದೇ ಆಯಿತು.

"ಇಷ್ಟು ಹೊತ್ತು ಬೇಕಾ ಮಗ?" ಅಂದಳು ಹೆತ್ತೆ, ಕೈ ತೆಗೆಯದೆ.

"ಹೂಂ ಹೆತ್ತೆ, ಇನ್ನೂ ಸ್ವಲ್ಪ ಹೊತ್ತು ಬೇಕು" ಅಂದೆ.

ಉಳಿದದ್ದು ಒಂದೇ ಪ್ಲೇಟು. ಹೆತ್ತೆಯನ್ನು ಒಳಗೆ ಕಳಿಸಿ, ಮಣೆಯ ಮೇಲೆ ಹಸುಬೆಯನ್ನು ಅವಳ ಎತ್ತರಕ್ಕೆ ಮಡಿಸಿಟ್ಟು, ಅದನ್ನೇ ಹೆತ್ತೆ ಅಂದುಕೊಂಡು ಬಗ್ಗಿ, ಮುಖ ಸ್ಪಷ್ಟವಾಗಿ ಬೀಳುವ ಹಾಗೆ ಎಲ್ಲ ಸರಿಮಾಡಿದೆ. ಪ್ಲೇಟು ಹಾಕಿ, ಕ್ಯಾಮೆರಾಕ್ಕೆ ಬಟ್ಟೆಯನ್ನು ಬಿಗಿಯಾಗಿ ಸುತ್ತಿ ಕಟ್ಟಿದೆ. ಹಸುಬೆ ತೆಗೆದು ಅವಳನ್ನು ಕೂರಿಸಿ, ಕಂಬದ ಹಾಗೆ ನೆಟ್ಟಗೆ ನಿಂತು ಬುಡ್ಡೆ ಒತ್ತಿದೆ. "ಈಗ ಯಾಕೆ ಬಗ್ಗಲಿಲ್ಲ?" ಅಂತ ಹುಬ್ಬು ಗಂಟಿಕ್ಕಿದಳು ನೋಡಿ, ಅದೇ ಮುಖ ಬಂತು. ಮೂರು ಪ್ಲೇಟೂ ಒಡೆಯದೆ ಬೆಟ್ಟ ಹತ್ತಿದವು.

ಮುಖದ ಫೋಟೋ ನೋಡಿ ಮಗ ಕಣ್ಣೊರೆಸಿಕೊಂಡ. ಹೆತ್ತೆಗೆ ತೋರಿಸಿದರೆ, "ಯಾರೋ ಸಿಟ್ಟಿನ ಮುದುಕಿ" ಅಂತ ಪಕ್ಕಕ್ಕಿಟ್ಟಳು. ನಾನು ಎರಡನೆಯ ಪ್ಲೇಟಿನ ಫೋಟೋವನ್ನೂ ಒಯ್ದಿದ್ದೆ. ಅದರ ತುಂಬ ಮುಂದೆ ಚಾಚಿದ ಒಂದು ಅಂಗೈ, ಬೇರೇನೂ ಇಲ್ಲ. ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಇದು ನನ್ನ ಕೈ. ನಿನ್ನ ತಲೆ ಎಲ್ಲಿ?"

"ತಲೆ ಪೆಟ್ಟಿಗೆಯ ಹಿಂದೆ ಇತ್ತು ಹೆತ್ತೆ, ಅದು ಬರುವುದಿಲ್ಲ."

"ತಲೆಯೇ ಇಲ್ಲದೆ ಯಾರನ್ನು ಹರಸಿದೆ ಅಂತ ಗೊತ್ತಾಗುವುದು ಹೇಗೆ? ಇದು ಸರಿಯಾಗಿಲ್ಲ. ಇನ್ನೊಂದು ಸಲ ಬಾ, ತಲೆಯೂ ಬರುವ ಹಾಗೆ ತೆಗೆ."

ಕೋಣೆ ಖಾಲಿ ಮಾಡುವ ಮಾತು ಅಲ್ಲಿಗೇ ನಿಂತಿತು. ಆ ಚಳಿ ಹೋಯಿತು, ಮತ್ತೊಂದು ಚಳಿಯೂ ಹೋಯಿತು, ಹೆತ್ತೆ ಗಟ್ಟಿಯಾಗಿದ್ದಾಳೆ. ತಿಂಗಳಿಗೊಮ್ಮೆ ಹಸುಬೆ ಹೆಗಲಿಗೇರಿಸಿ ಇಳಿಯುತ್ತೇನೆ, ಬಟ್ಟೆ ಹೊದ್ದು ಬಗ್ಗುತ್ತೇನೆ, ಅವಳು ಎದ್ದು ಬರುತ್ತಾಳೆ. ಪ್ಲೇಟು ಹಾಳು ಮಾಡಬಾರದಲ್ಲ, ಅದಕ್ಕೆ ಈಗೀಗ ಕ್ಯಾಮೆರಾದೊಳಗೆ ಪ್ಲೇಟನ್ನೇ ಹಾಕುವುದಿಲ್ಲ. ನನ್ನ ತಲೆ ಇನ್ನೂ ಬಂದಿಲ್ಲ.